ಸೋಮವಾರ ನೋಡಿ ಖಾಲಿ ಎಂದು ಬರೆದ ಹನ್ನೆರಡು ಎಕರೆ

ನಮ್ಮ ಪಟ್ಟಣದ ಮುಂದಿನ ಇಪ್ಪತ್ತು ವರ್ಷಗಳ ನಕ್ಷೆಗೆ ಬಣ್ಣ ಹಚ್ಚುತ್ತಿರುವ ಮಾನ್ಯ ಅಧಿಕಾರಿಗಳೇ,

ನರಸಿಂಹರಾಜಪುರದಿಂದ ಕೊಪ್ಪದ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಕೈಗಾರಿಕೆಗೆಂದು ಮೀಸಲಿಟ್ಟ ಹನ್ನೆರಡು ಎಕರೆ ಜಾಗವಿದೆ. ತಮ್ಮ ಹಳೆಯ ನಕ್ಷೆಯಲ್ಲಿ ಅದು ನೇರಳೆ ಬಣ್ಣದಲ್ಲಿತ್ತು. ನೇರಳೆ ಎಂದರೆ ಕೈಗಾರಿಕೆ. ಕಳೆದ ತಿಂಗಳು ತಾವು ಪ್ರಕಟಿಸಿದ ಕರಡು ನಕ್ಷೆಯಲ್ಲಿ ಅದು ಹಳದಿಯಾಗಿದೆ. ಹಳದಿ ಎಂದರೆ ಮನೆ ನಿವೇಶನ. ಕಾರಣವನ್ನೂ ಒಂದು ಸಾಲಿನಲ್ಲಿ ದಯಪಾಲಿಸಿದ್ದೀರಿ: "ಸದರಿ ಪ್ರದೇಶದಲ್ಲಿ ಕೈಗಾರಿಕಾ ಚಟುವಟಿಕೆ ಕಂಡುಬಂದಿರುವುದಿಲ್ಲ." ಆ ಕಂಡುಬಾರದ ಚಟುವಟಿಕೆಯಲ್ಲಿ ನಾಲ್ಕು ವರ್ಷದಿಂದ ಸಂಬಳ ತೆಗೆದುಕೊಳ್ಳುತ್ತಿರುವವಳು ನಾನು. ನನ್ನ ಗಂಡ ಲಕ್ಷ್ಮೀಶ ಅಲ್ಲಿಯೇ ಲೇತ್ ನಡೆಸುತ್ತಾರೆ. ನನ್ನ ತಾಯಿ ಕಮಲಕ್ಕನೂ ಅಲ್ಲಿಯೇ ದುಡಿಯುತ್ತಾಳೆ. ಒಂದೇ ಮನೆಯಿಂದ ಮೂವರು ಕಂಡುಬಾರದವರು ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆ ಕೈಗೆ ಗ್ರೀಸು ಮೆತ್ತಿಕೊಂಡು ಬರುತ್ತೇವೆ. ತಮ್ಮ ಕಣ್ಣಿಗೆ ಬೀಳಲು ಇನ್ನೇನು ಮಾಡಬೇಕಿತ್ತು, ಡೋಲು ಬಾರಿಸಬೇಕಿತ್ತೇ?

ಮೊದಲೇ ಹೇಳಿಬಿಡುತ್ತೇನೆ. ನನಗೆ ಒಂಬತ್ತು ತಿಂಗಳ ಮಗಳಿದ್ದಾಳೆ. ಅವಳು ಹುಟ್ಟಿದಂದಿನಿಂದ ನಾನು ಎರಡು ಗಂಟೆ ಒಟ್ಟಿಗೆ ನಿದ್ದೆ ಮಾಡಿದ್ದಿಲ್ಲ. ಅವಳು ಮಲಗಿದ ಅರ್ಧರ್ಧ ಗಂಟೆಗಳಲ್ಲಿ ಈ ಪತ್ರ ಬರೆದಿದ್ದೇನೆ. ಅಲ್ಲಲ್ಲಿ ಮಾತು ಕಹಿಯಾಗಿದ್ದರೆ ನಿದ್ದೆಗೇಡಿ ಹೆಂಗಸೆಂದು ಕ್ಷಮಿಸಿ. ಕ್ಷಮಿಸದಿದ್ದರೂ ನನಗೇನೂ ನಷ್ಟವಿಲ್ಲ.

ನಾವು ಕೆಲಸ ಮಾಡುವ ಶೆಡ್ಡು ರೇಣುಕಪ್ಪನವರದು. ಅಲ್ಲಿ ಅಡಿಕೆ ಸುಲಿಯುವ ಯಂತ್ರ ತಯಾರಾಗುತ್ತದೆ. ಬಾಳೆಹೊನ್ನೂರು, ಹರಿಹರಪುರ, ಅಡ್ಡಗದ್ದೆ, ಎಲ್ಲ ಕಡೆಗೂ ನಮ್ಮ ಯಂತ್ರ ಹೋಗಿದೆ. ಒಟ್ಟು ಹನ್ನೊಂದು ಜನ ದುಡಿಯುತ್ತೇವೆ, ಅದರಲ್ಲಿ ಐವರು ಹೆಂಗಸರು. ನಾನು ಬಿ.ಕಾಂ. ಓದಿದವಳು, ಕಡಹಿನಬೈಲಿನ ಕಡೆಯ ಕೂಲಿಯವರ ಕೇರಿಯಿಂದ ಪದವಿ ಪಡೆದ ಮೊದಲ ಹುಡುಗಿ. ಆರ್ಡರು, ಬಿಲ್ಲು, ಬಿಡಿಭಾಗಗಳ ಪಟ್ಟಿ ನನ್ನ ಕೆಲಸ. ನನ್ನ ತಾಯಿಯ ಕೆಲಸ ಇನ್ನೂ ದೊಡ್ಡದು. ಮೂವತ್ತು ವರ್ಷ ಕಂಡವರ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿದವಳು ಅವಳು. ಸುಲಿಯುವ ಯಂತ್ರ ಬಂದ ಮೇಲೆ ಒಂದೊಂದೇ ಮನೆಯವರು ಅವಳನ್ನು ಕರೆಯುವುದು ಬಿಟ್ಟರು. ಒಂದು ದಿನ ನನಗೆ ಊಟದ ಡಬ್ಬಿ ಕೊಡಲು ಶೆಡ್ಡಿಗೆ ಬಂದವಳು ಯಂತ್ರದ ಎದುರು ಸೊಂಟಕ್ಕೆ ಕೈಕೊಟ್ಟು ನಿಂತಳು.

"ನನ್ ಹೊಟ್ಟೆ ಮೇಲೆ ಹೊಡ್ದಿದ್ದು ಇದೇ ಅಲ್ದಾ?" ಎಂದಳು.

ರೇಣುಕಪ್ಪನವರು ನಗುತ್ತಾ, "ಹೌದು ಕಮಲಕ್ಕ, ಇದೇ. ಬೈಯೋದಿದ್ರೆ ಬೈದ್ಬಿಡು" ಎಂದರು.

ಅವಳು ಬೈಯಲಿಲ್ಲ. ಯಂತ್ರದ ಬಾಯಿಂದ ಬಿದ್ದ ಅಡಿಕೆಯನ್ನು ಹಿಡಿಯಷ್ಟು ಎತ್ತಿಕೊಂಡು ಹೆಬ್ಬೆರಳಲ್ಲಿ ಸವರಿ ನೋಡಿದಳು. "ಇದೆಂತ ಸುಲಿಯದು ಮಾರಾಯ್ರೇ, ಹತ್ರಲ್ಲಿ ಮೂರಕ್ಕೆ ಗಾಯ ಮಾಡಿದೆ. ಕತ್ತಿ ಸಂದು ಬಿಗಿ ಆತು. ನಾನು ಹಿಂಗೆ ಸುಲ್ದಿದ್ರೆ ಗೌಡ್ತಮ್ಮ ಮಧ್ಯಾಹ್ನದ ಊಟಕ್ಕೇ ಕರೀತಿರ್ಲಿಲ್ಲ."

ಆವತ್ತಿನಿಂದ ಪ್ರತಿ ಯಂತ್ರದ ಬ್ಲೇಡುಗಳ ಸಂದನ್ನು ಕೂರಿಸುವವಳು ನನ್ನ ತಾಯಿ. ಅದಕ್ಕೆ ಅಳತೆಯ ಉಪಕರಣ ಇದೆ. ಅವಳು ಅದನ್ನು ಮುಟ್ಟುವುದಿಲ್ಲ, ಹೆಬ್ಬೆರಳೇ ಸಾಕು. ಮಾನ್ಯರೇ, ಒಂದು ಕೆಲಸ ಸತ್ತಾಗ ಇನ್ನೊಂದು ಕೆಲಸ ಹುಟ್ಟುವುದಕ್ಕೆ ಜಾಗ ಬೇಕು ಎಂದು ನಾನು ಹೇಳುವುದು ಯಾವುದೋ ಭಾಷಣ ಕೇಳಿ ಕಲಿತದ್ದಲ್ಲ. ನನ್ನ ತಾಯಿಯ ಮಟ್ಟಿಗೆ ಆ ಜಾಗ ಇಪ್ಪತ್ತು ಅಡಿಗೆ ನಲವತ್ತು ಅಡಿ, ಮೇಲೆ ಜಿಂಕ್ ಶೀಟು. ಅದು ಅಲ್ಲಿ ಇಲ್ಲದಿದ್ದರೆ ಅವಳ ಮೂವತ್ತು ವರ್ಷದ ವಿದ್ಯೆ ಅವಳ ಹೆಬ್ಬೆರಳಲ್ಲೇ ಉಳಿದು ಅವಳೊಂದಿಗೇ ಹೋಗುತ್ತಿತ್ತು.

ಇನ್ನು ನಾವು ಅಲ್ಲಿಗೆ ಹೇಗೆ ಬಂದೆವು ಎಂಬ ಕಥೆ. ತಮಗೆ ಮರೆತಿರಬಹುದು, ಕಡತಕ್ಕೆ ಮರೆತಿಲ್ಲ. ರೇಣುಕಪ್ಪನವರ ವರ್ಕ್‌ಶಾಪು ಮೊದಲು ಪೇಟೆಯೊಳಗೆ ಮನೆಗಳ ಸಾಲಿನಲ್ಲಿತ್ತು. ಹತ್ತು ವರ್ಷದ ಹಿಂದೆ ತಮ್ಮದೇ ಕಚೇರಿಯಿಂದ ಅವರಿಗೆ ನೋಟೀಸು ಬಂತು: ವಸತಿ ಪ್ರದೇಶದಲ್ಲಿ ಯಂತ್ರ ನಡೆಸಿ ಶಬ್ದ ಮಾಡುವುದು ನಿಯಮಬಾಹಿರ, ಕೂಡಲೇ ಕೈಗಾರಿಕೆಗೆ ಮೀಸಲಾದ ಪ್ರದೇಶಕ್ಕೆ ಸ್ಥಳಾಂತರಿಸತಕ್ಕದ್ದು. ಒಳ್ಳೆಯ ಮಾತು. ಅವರು ವಾದ ಮಾಡಲಿಲ್ಲ, ಲೇತನ್ನು ಲಾರಿಗೆ ಹೇರಿಸಿ, ಲಂಟಾನದ ಪೊದೆ ಕಡಿಸಿ, ಶೆಡ್ಡು ಕಟ್ಟಿಸಿ, ಹೇಳಿದ ಜಾಗಕ್ಕೆ ಹೋದರು. ಈಗ ಅದೇ ಕಚೇರಿ ಆ ಜಾಗವನ್ನೇ ವಸತಿ ಪ್ರದೇಶ ಮಾಡಲು ಹೊರಟಿದೆ. ಮನೆಗಳ ಪಕ್ಕ ಯಂತ್ರ ಇರಬಾರದೆಂದು ಯಂತ್ರವನ್ನು ಓಡಿಸಿದಿರಿ, ಇವತ್ತು ಯಂತ್ರದ ಪಕ್ಕಕ್ಕೆ ತಾವೇ ಮನೆಗಳನ್ನು ಕರೆತರುತ್ತಿದ್ದೀರಿ. ಇನ್ನೈದು ವರ್ಷಕ್ಕೆ ಆ ಮನೆಯವರು ಲೇತಿನ ಶಬ್ದದ ಮೇಲೆ ದೂರು ಕೊಡುತ್ತಾರೆ. ಕೊಡದೆ ಏನು ಮಾಡುತ್ತಾರೆ, ಅವರ ಮಕ್ಕಳೂ ಮಲಗಬೇಕಲ್ಲ. ಆಗ ತಾವು ಹಳೆಯ ನೋಟೀಸಿನ ದಿನಾಂಕ ತಿದ್ದಿ ಮತ್ತೊಮ್ಮೆ ಕಳಿಸುತ್ತೀರಿ. ಆವಾಗ ಎಲ್ಲಿಗೆ ಹೋಗಬೇಕು? ಭದ್ರಾ ಹಿನ್ನೀರಿನೊಳಕ್ಕೋ?

ಈಗ "ಕಂಡುಬಂದಿರುವುದಿಲ್ಲ" ಎಂಬುದರ ವಿಚಾರಕ್ಕೆ ಬರುತ್ತೇನೆ. ತಮ್ಮ ಪರಿವೀಕ್ಷಕರು ಈ ವರ್ಷ ಮೂರು ಸಲ ಸ್ಥಳ ತಪಾಸಣೆಗೆ ಬಂದರು. ಜುಲೈ ಏಳು, ಆಗಸ್ಟ್ ಹನ್ನೊಂದು, ಸೆಪ್ಟೆಂಬರ್ ಇಪ್ಪತ್ತೆರಡು. ಕ್ಯಾಲೆಂಡರ್ ತೆಗೆದು ನೋಡಿ. ಮೂರೂ ಸೋಮವಾರ.

ನಮ್ಮ ಶೆಡ್ಡಿಗೆ ಸೋಮವಾರ ರಜೆ. ರೇಣುಕಪ್ಪನವರ ತಂದೆ ಬಾಳೆಹೊನ್ನೂರಿನ ಹತ್ತಿರ ಬೇಸಾಯ ಮಾಡಿಕೊಂಡಿದ್ದವರು. ಶಿವನ ವಾರ, ಬಸವಣ್ಣನ ವಾರವೆಂದು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಟ್ಟವರಲ್ಲ. ಮಗ ಎತ್ತು ಬಿಟ್ಟು ಲೇತ್ ಹಿಡಿದರೂ ಆ ನೇಮ ಬಿಡಲಿಲ್ಲ. ಸೋಮವಾರ ಬೆಳಿಗ್ಗೆ ಬಂದು ಯಂತ್ರಗಳನ್ನು ಒರೆಸಿ, ವಿಭೂತಿ ಹಚ್ಚಿ, ಊದುಬತ್ತಿ ತೋರಿಸಿ, ಬಾಗಿಲು ಹಾಕಿಕೊಂಡು ಹೋಗುತ್ತಾರೆ. ಅದರ ಬದಲು ಭಾನುವಾರ ನಾವು ದುಡಿಯುತ್ತೇವೆ, ಅದು ನಮಗೂ ಅನುಕೂಲ. ತೋಟದವರು ರಿಪೇರಿಗೆ ಯಂತ್ರ ಹೊತ್ತು ತರುವುದೇ ಭಾನುವಾರ. ಪಕ್ಕದಲ್ಲಿ ಬಾವಿಗೆ ಸಿಮೆಂಟ್ ರಿಂಗು ಮಾಡುವ ಮಾರಪ್ಪನವರೂ ನಮ್ಮನ್ನು ನೋಡಿ ಸೋಮವಾರವೇ ರಜೆ ಮಾಡಿಕೊಂಡಿದ್ದಾರೆ. ಅವರ ಮಿಕ್ಸರಿನ ಕರೆಂಟು ನಮ್ಮ ಶೆಡ್ಡಿನಿಂದಲೇ ಹೋಗುವುದು. ಹೀಗೆ ವಾರದಲ್ಲಿ ಒಂದು ದಿನ ಆ ಹನ್ನೆರಡು ಎಕರೆ ನಿಜಕ್ಕೂ ನಿಶ್ಶಬ್ದವಾಗಿರುತ್ತದೆ. ವಾರದ ಏಳು ದಿನದಲ್ಲಿ ಆ ಒಂದನ್ನೇ ಮೂರು ಸಲ ಹೆಕ್ಕಿಕೊಂಡ ತಮ್ಮ ಪರಿವೀಕ್ಷಕರ ಕೈಗುಣವನ್ನು ಮೆಚ್ಚಲೇಬೇಕು.

ಮೊದಲ ಎರಡು ಸಲ ಅವರು ಬೀಗ ನೋಡಿ ಹೋಗಿದ್ದು ನಮಗೆ ಗೊತ್ತೇ ಆಗಲಿಲ್ಲ. ಮೂರನೆಯ ಸಲ ಶನಿವಾರ ಸಂಜೆ ನೋಟೀಸು ಬಂತು: ಸೋಮವಾರ ಹನ್ನೊಂದು ಗಂಟೆಗೆ ಅಂತಿಮ ತಪಾಸಣೆ. ನಾನು ನೋಟೀಸು ಹಿಡಿದುಕೊಂಡು ರೇಣುಕಪ್ಪನವರ ಮುಂದೆ ನಿಂತೆ.

"ಯಜಮಾನ್ರೇ, ಅರ್ಧ ಗಂಟೆ ಸಾಕು. ಒಂದೇ ಒಂದು ಯಂತ್ರ ಓಡ್ಸಿ ತೋರ್ಸಿ. ನೋಡ್ಕಂಡು ಹೋಗ್ತಾರೆ."

"ಸಾಹೇಬ್ರು ನೋಡಕ್ ಬರ್ತಾರೆ ಅಂತ ನಮ್ಮಪ್ಪ ಸೋಮವಾರ ಎತ್ತು ಹೂಡ್ತಿದ್ರಾ ಮಾರಾಯ್ತಿ?"

"ಇದು ಎತ್ತಲ್ಲ ಯಜಮಾನ್ರೇ, ಲೇತು!"

"ಆರು ದಿನ ಎತ್ತಿನ ಹಂಗೆ ದುಡಿಸ್ಕಂಬಾಗ ಲೇತು ಅಂತ ನೆನಪಾಗಿರ್ಲಿಲ್ವ ನಿಂಗೆ?"

ನನ್ನ ತಾಯಿ ಮಧ್ಯೆ ಬಾಯಿ ಹಾಕಿದಳು. "ನಂಗೆಂತ ಸೋಮವಾರದ ನೇಮ ಇಲ್ಲ ಯಜಮಾನ್ರೇ. ನೀವು ಆಚೆ ಹೋಗಿ ನಿಂತ್ಕಳಿ, ಸ್ವಿಚ್ ನಾನ್ ಹಾಕ್ತೀನಿ. ಪಾಪ ಬಂದ್ರೆ ನಂಗೇ ಬರ್ಲಿ."

"ನೇಮ ನಿಂದೂ ಅಲ್ಲ, ನಂದೂ ಅಲ್ಲ ಕಮಲಕ್ಕ. ರಜ ಇರೋದು ಯಂತ್ರಕ್ಕೆ. ಅದ್ರ ರಜ ಕಸ್ಕಳಕೆ ನೀನ್ಯಾರು?"

ಇಂಥವರನ್ನು ಏನು ಮಾಡುವುದು? ಎರಡು ದಿನ ನಾನು ಅವರೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಹನ್ನೊಂದು ಜನರ ಅನ್ನ ಒಂದು ಸ್ವಿಚ್ಚಿನ ಮೇಲೆ ನಿಂತಿರುವಾಗ ಈ ಮನುಷ್ಯನಿಗೆ ಎಂಥ ಹಟ ಎಂದು ಮೈಯೆಲ್ಲ ಉರಿಯಿತು. ಆದರೂ ಸೋಮವಾರ ನಾವೆಲ್ಲ ಹೋದೆವು. ಬಾಗಿಲು ತೆರೆದೆವು. ಆರ್ಡರ್ ಪುಸ್ತಕ, ಹಾಜರಿ ಪುಸ್ತಕ, ಕರೆಂಟು ಬಿಲ್ಲು ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿಟ್ಟೆ. ಅರ್ಧ ಜೋಡಿಸಿದ ನಾಲ್ಕು ಯಂತ್ರಗಳು ಸಾಲಾಗಿ ನಿಂತಿದ್ದವು. ಪರಿವೀಕ್ಷಕರು ಬಂದರು, ಕಾಫಿ ಕುಡಿದರು, ಪುಸ್ತಕ ಮುಟ್ಟಲಿಲ್ಲ.

"ಚಾಲೂ ಮಾಡಿ ತೋರಿಸ್ರೀ" ಎಂದರು.

"ಇವತ್ತಿಲ್ಲ ಸ್ವಾಮಿ. ನಾಳೆ ಬೆಳಿಗ್ಗೆ ಎಂಟಕ್ಕೆ ಬನ್ನಿ, ನಿಮ್ ಕೈಯಾರೆ ಒಂದು ಮೂಟೆ ಸುಲ್ದು ನೋಡಿ" ಎಂದರು ರೇಣುಕಪ್ಪನವರು.

"ನಾಳೆ ನನಗೆ ಬೇರೆ ಕಡೆ ಡ್ಯೂಟಿ ಇದೆ."

"ಹಂಗಾರೆ ಬುಧವಾರ?"

"ಏನ್ರೀ ನೀವು! ಈ ಕಡೆ ಮೀಟಿಂಗ್ ಇರೋದು ಸೋಮವಾರ. ನಾನು ಬರೋದೇ ಸೋಮವಾರ. ನಿಮ್ಮೊಂದು ಶೆಡ್ಡಿಗೆ ಅಂತ ಇನ್ನೊಂದು ದಿನ ಜೀಪ್ ತೆಗೀಲಿಕ್ಕೆ ಆಗುತ್ತಾ?"

ನೋಡಿ ಮಾನ್ಯರೇ, ಇಬ್ಬರಿಗೂ ಸೋಮವಾರದ ನೇಮ. ಒಬ್ಬರದು ಅಪ್ಪನಿಂದ ಬಂದದ್ದು, ಇನ್ನೊಬ್ಬರದು ಜೀಪಿನಿಂದ. ಒಬ್ಬರ ನೇಮವನ್ನು ಮೌಢ್ಯ ಎನ್ನಬಹುದು. ನಾನೂ ಆ ದಿನ ಮನಸ್ಸಿನಲ್ಲೇ ಅಂದುಕೊಂಡೆ. ಇನ್ನೊಬ್ಬರದನ್ನು ಸರ್ಕಾರಿ ಕರ್ತವ್ಯ ಎನ್ನಬೇಕಂತೆ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಆ ವರದಿಯ ಪ್ರತಿ ತರಿಸಿಕೊಂಡೆ. "ಮೂರು ಬಾರಿಯ ತಪಾಸಣೆಯಲ್ಲೂ ಘಟಕವು ಚಾಲನೆಯಲ್ಲಿ ಇರಲಿಲ್ಲ. ಕೋರಿದಾಗ್ಯೂ ಮಾಲೀಕರು ಯಂತ್ರ ಚಾಲನೆ ಮಾಡಲು ನಿರಾಕರಿಸಿದ್ದರಿಂದ ಯಂತ್ರಗಳು ಸುಸ್ಥಿತಿಯಲ್ಲಿ ಇಲ್ಲವೆಂದು ಭಾವಿಸಬಹುದಾಗಿದೆ." ಭಾವಿಸಬಹುದಾಗಿದೆಯಂತೆ! ಭಾವಿಸುವುದಕ್ಕೆ ಎಷ್ಟು ಉದಾರ ಮನಸ್ಸು, ಮೇಜಿನ ಮೇಲಿದ್ದ ಪುಸ್ತಕದ ಒಂದು ಹಾಳೆ ಮಗುಚುವುದಕ್ಕೆ ಎಷ್ಟು ಜಿಪುಣತನ. ಬೀಗ ಹಾಕಿದ ಶೆಡ್ಡು ತಿಂಗಳು ತಿಂಗಳು ಅಷ್ಟೊಂದು ಕರೆಂಟು ಉರಿಸುವುದು ಹೇಗೆ ಎಂದು ಯಾರಾದರೂ ಕೇಳಿದಿರಾ? ಭಾನುವಾರ ತಮ್ಮ ಕಚೇರಿಗೂ ಬೀಗ ಇರುತ್ತದೆ. ನಾನು ಮೂರು ಭಾನುವಾರ ಬಂದು ಬಾಗಿಲು ಬಡಿದು, "ಸದರಿ ಕಚೇರಿಯಲ್ಲಿ ಆಡಳಿತ ಚಟುವಟಿಕೆ ಕಂಡುಬಂದಿರುವುದಿಲ್ಲ" ಎಂದು ಬರೆದರೆ ಆ ಕಟ್ಟಡವನ್ನು ನಿವೇಶನ ಮಾಡಿ ಹಂಚುತ್ತೀರಾ? ಭಾನುವಾರವೇ ಏಕೆ, ಕೆಲವು ಗುರುವಾರಗಳಂದೂ ಹಾಗೆ ಬರೆಯಬಹುದಾದ ಸಾಕ್ಷ್ಯ ನನ್ನ ಬಳಿ ಇದೆ.

ಒಪ್ಪುತ್ತೇನೆ, ಹನ್ನೆರಡು ಎಕರೆಯಲ್ಲಿ ಮುಕ್ಕಾಲು ಪಾಲು ಇವತ್ತು ಲಂಟಾನವೇ. ಬೇಡಿಕೆ ಇಲ್ಲದ್ದರಿಂದ ಖಾಲಿ ಬಿದ್ದಿದೆ ಎಂದು ಕರಡಿನಲ್ಲಿ ಬರೆದಿದ್ದೀರಿ. ಹಾಗಾದರೆ ಸುಲೋಚನಮ್ಮನವರ ಅರ್ಜಿ ಏನು? ಹಲಸಿನ ಹಪ್ಪಳ, ಚಿಪ್ಸು ಮಾಡುವ ಘಟಕಕ್ಕೆ ಜಾಗ ಕೊಡಿ ಎಂದು ಆ ಹೆಂಗಸು ಅರ್ಜಿ ಕೊಟ್ಟು ನಾಲ್ಕು ವರ್ಷವಾಯಿತು. ಪ್ರತಿ ಮಳೆಗಾಲಕ್ಕೆ ಮುಂಚೆ ಹೋಗಿ ವಿಚಾರಿಸುತ್ತಾರೆ. ಪರಿಶೀಲನೆಯಲ್ಲಿದೆ ಎಂಬ ಉತ್ತರ ಪಡೆದು ಮನೆಗೆ ಬರುತ್ತಾರೆ. ಮೂರು ಫೇಸಿನ ಲೈನು ನಮ್ಮ ಶೆಡ್ಡಿನ ಕಂಬಕ್ಕೆ ಬಂದು ನಿಂತಿದೆ, ಮುಂದೆ ಹೋಗಿಲ್ಲ. ಒಳರಸ್ತೆಗೆ ಜಲ್ಲಿ ಬಿದ್ದಿಲ್ಲ. ಬೋರ್‌ವೆಲ್ ಕೊರೆದಿದ್ದೀರಿ, ಪಂಪು ಇಳಿಸಿಲ್ಲ. ಊಟಕ್ಕೆ ಕರೆದು, ಎಲೆ ಹಾಕದೆ, ಬಂದವರಿಗೆ ಹಸಿವೇ ಇರಲಿಲ್ಲ ಎಂದು ವರದಿ ಬರೆದ ಹಾಗಾಯಿತು ಇದು. ಇಷ್ಟೆಲ್ಲ ಇಲ್ಲದೆಯೂ ಅಲ್ಲಿ ಎರಡು ಘಟಕ ಬದುಕಿವೆ ಎಂದರೆ ತಮಗೆ ಆಶ್ಚರ್ಯವಾಗಬೇಕಿತ್ತು. ಬೇಸರವಾದಂತಿದೆ.

ಹಳದಿಯ ಮೇಲೆ ನನಗೆ ಹಗೆಯಿಲ್ಲ. ನಾವೂ ಬಾಡಿಗೆಯ ಒಂದು ಕೋಣೆಯಲ್ಲಿದ್ದೇವೆ. ಜನಕ್ಕೆ ಮನೆ ಬೇಕು ಎಂದು ನನಗೆ ತಾವು ಹೇಳಿಕೊಡಬೇಕಿಲ್ಲ. ಆದರೆ ಊರಿನ ಸುತ್ತ ಮನೆ ಕಟ್ಟಲು ಬೇರೆ ಜಾಗ ಇದೆ, ತಮ್ಮ ನಕ್ಷೆಯಲ್ಲೇ ಇದೆ. ಯಂತ್ರ ಕೂರಿಸಬಹುದಾದ್ದು ಇದೊಂದೇ. ಮಿಕ್ಕಿದ್ದೆಲ್ಲ ಕಾಡು, ತೋಟ, ಗದ್ದೆ, ಹಿನ್ನೀರು. ಅವನ್ನು ಮುಟ್ಟಬಾರದು, ಮುಟ್ಟಬೇಕೆಂದು ನಾವೂ ಕೇಳುವುದಿಲ್ಲ. ಒಂದು ಸಲ ಆ ಹನ್ನೆರಡು ಎಕರೆಯನ್ನು ಮೂವತ್ತಕ್ಕೆ ನಲವತ್ತರ ತುಂಡು ಮಾಡಿ ನೂರಾರು ಜನರ ಹೆಸರಿಗೆ ಬರೆದುಕೊಟ್ಟ ಮೇಲೆ, ಇಪ್ಪತ್ತು ವರ್ಷ ಬಿಟ್ಟು ಯಾರೋ ಒಬ್ಬರು ಈ ಊರಿನಲ್ಲೇ ಏನನ್ನೋ ತಯಾರಿಸುತ್ತೇನೆ, ನಲವತ್ತು ಜನಕ್ಕೆ ಕೆಲಸ ಕೊಡುತ್ತೇನೆ ಎಂದು ಬಂದರೆ ಎಲ್ಲಿ ಕೂರಿಸುತ್ತೀರಿ? ಯಾರ ಅಡುಗೆಮನೆ ಒಡೆಯುತ್ತೀರಿ? ಖಾಲಿ ಇಟ್ಟ ಜಾಗ ನಾಳೆ ತುಂಬಬಹುದು. ತುಂಬಿ ಗೋಡೆ ಎದ್ದ ಜಾಗ ಮತ್ತೆ ಖಾಲಿಯಾಗುವುದಿಲ್ಲ. ಇದು ತಿಳಿಯಲು ನಗರ ಯೋಜನೆಯ ಪದವಿ ಬೇಕಾಗಿಲ್ಲ. ಆ ಪದವಿ ಇದ್ದವರಿಗೇ ತಿಳಿಯದಿರುವುದಕ್ಕೆ ನಾನು ಕಾರಣ ಊಹಿಸಬಲ್ಲೆ. ಬರೆದರೆ ತಾವು ಪುರಾವೆ ಕೇಳುತ್ತೀರಿ. ಕರಡು ಇನ್ನೂ ಕರಡಾಗಿರುವಾಗಲೇ ರಸ್ತೆಬದಿಯಲ್ಲಿ ಬಡಾವಣೆಯ ಕಮಾನಿಗೆ ಗುಂಡಿ ತೋಡಿದವರು ಯಾರು ಎಂಬುದನ್ನು ಮಾತ್ರ ತಮ್ಮ ಪರಿವೀಕ್ಷಕರು ಮುಂದಿನ ಸೋಮವಾರ ನೋಡಿಕೊಂಡು ಹೋಗಲಿ. ಆ ಗುಂಡಿಗೆ ವಾರದ ರಜೆ ಇಲ್ಲ.

ಇದನ್ನೆಲ್ಲ ನೆಟ್ಟಗೆ ಕಚೇರಿಗೆ ಕೊಡದೆ ಪತ್ರಿಕೆಗೆ ಏಕೆ ಬರೆದೆ ಎಂದು ಕೇಳಬಹುದು. ಕೊಟ್ಟೆ. ಮೂವತ್ತು ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು ಎಂದು ತಾವೇ ಪ್ರಕಟಿಸಿದ್ದಿರಿ. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಎರಡು ಬಸ್ಸು ಬದಲಿಸಿ ಬಂದೆ. ಕೌಂಟರಿನಲ್ಲಿದ್ದವರು ನನ್ನ ಅರ್ಜಿಯನ್ನು ಓದದೆ ಕೊನೆಯ ಹಾಳೆಗೆ ಹೋದರು.

"ಜಾಗ ನಿಮ್ಮದೇನಮ್ಮಾ?"

"ಅಲ್ಲ ಸರ್. ಅಲ್ಲಿ ಕೆಲಸಕ್ಕಿದ್ದೇನೆ."

"ಪಕ್ಕದಲ್ಲಿ ನಿಮ್ಮ ಸೈಟು, ಜಮೀನು ಏನಾದ್ರೂ ಇದೆಯಾ?"

"ಇಲ್ಲ."

"ಮತ್ತೆ ನಿಮಗೇನಮ್ಮಾ ತೊಂದರೆ? ಬಾಧಿತರು ಮಾತ್ರ ಆಕ್ಷೇಪಣೆ ಕೊಡೋದು. ಸರ್ವೆ ನಂಬರ್ ಕಾಲಂ ಖಾಲಿ ಬಿಟ್ರೆ ತಗೊಳ್ಳೋಕೆ ಬರಲ್ಲ."

ಮಗಳು ಅಷ್ಟರಲ್ಲಿ ಅವರ ಮೊಹರನ್ನು ಎಳೆದು ಬಾಯಿಗೆ ಹಾಕಿಕೊಂಡಿದ್ದಳು. ಅದನ್ನು ಬಿಡಿಸಿ ಕೊಟ್ಟು, ಅರ್ಜಿ ವಾಪಸು ತೆಗೆದುಕೊಂಡು ಬಂದೆ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ತಮ್ಮ ಕಾನೂನಿನಲ್ಲಿ ಜಾಗ ಇರುವವನಿಗೆ ನಷ್ಟವಾಗುತ್ತದೆ, ಕೆಲಸ ಇರುವವನಿಗೆ ಆಗುವುದಿಲ್ಲ. ಇನ್ನೂ ಹುಟ್ಟದ ಕೆಲಸಕ್ಕೆ ಕಾಯುತ್ತಿರುವವರ ಮಾತು ಹಾಗಿರಲಿ, ಅವರು ಯಾವ ಕಾಲಂನಲ್ಲಿ ಸಹಿ ಹಾಕಬೇಕು? ನನ್ನ ಮಗಳು ಯಂತ್ರವನ್ನೇ ಹಿಡಿಯಬೇಕೆಂದು ನನಗೆ ಹಟವಿಲ್ಲ, ಅವಳು ಏನು ಬೇಕಾದರೂ ಆಗಲಿ. ಆದರೆ ತನ್ನ ಊರಿನಲ್ಲೇ ದುಡಿದು ಉಣ್ಣುತ್ತೇನೆ ಎಂದು ಅವಳಿಗೆ ಅನ್ನಿಸಿದರೆ, ಅದಕ್ಕೊಂದು ಬಾಗಿಲು ಇರಬೇಕು. ಆ ಬಾಗಿಲಿಗೆ ಅವಳು ನಡೆಯಲು ಕಲಿಯುವ ಮೊದಲೇ ಗೋಡೆ ಕಟ್ಟುವ ಅಧಿಕಾರವನ್ನು ತಮಗೆ ಯಾರು ಕೊಟ್ಟರು? ಮಲಗಲಾಗದೆ ನಾನು ಹೊರಳಾಡುವುದು ಮಗುವಿನ ಅಳುವಿನಿಂದ ಮಾತ್ರವಲ್ಲ. ಅವಳು ಅತ್ತರೆ ಸಮಾಧಾನ ಮಾಡುವುದು ನನಗೆ ಗೊತ್ತು.

ಆದ್ದರಿಂದ ಕೇಳುತ್ತಿದ್ದೇನೆ; ವಿನಂತಿ, ಪ್ರಾರ್ಥನೆ ಎಂಬ ಮಾತುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಆ ಮೂರು ಸೋಮವಾರಗಳ ವರದಿಯನ್ನು ರದ್ದು ಮಾಡಿ, ವಾರದ ಉಳಿದ ಆರು ದಿನಗಳಲ್ಲಿ ಯಾವುದಾದರೊಂದು ದಿನ ಹೇಳದೆ ಕೇಳದೆ ಬನ್ನಿ. ಹನ್ನೆರಡು ಎಕರೆಯನ್ನೂ ನೇರಳೆಯಲ್ಲೇ ಉಳಿಸಿ, ಕರೆಂಟನ್ನು ಒಂದು ಕಂಬದಿಂದ ಮುಂದಕ್ಕೆ ಎಳೆಸಿ, ಸುಲೋಚನಮ್ಮನವರಿಗೆ ಹೌದು ಅಥವಾ ಇಲ್ಲ ಎಂದು ಉತ್ತರ ಕೊಡಿ. ಸರ್ವೆ ನಂಬರ್ ಇಲ್ಲದವರ ಆಕ್ಷೇಪಣೆಯನ್ನೂ ಸ್ವೀಕರಿಸಿ. ಅವಧಿಗೆ ಇನ್ನೂ ಒಂಬತ್ತು ದಿನ ಇದೆ.

ಇದು ಯಾವುದೂ ಆಗದು ಎನ್ನುವುದಾದರೆ ಒಂದೇ ಒಂದು ಕಾಗದ ಕೊಡಿ. ತಮ್ಮ ಕಚೇರಿಯ ಹಾಳೆಯಲ್ಲಿ, ತಮ್ಮ ಕೈಯ ಸಹಿ ಮತ್ತು ಮೊಹರಿನೊಂದಿಗೆ, "ಈ ಊರಿನಲ್ಲಿ ಮುಂದಿನ ಇಪ್ಪತ್ತು ವರ್ಷ ಯಾರಿಗೂ ಹೊಸ ಕೆಲಸದ ಅಗತ್ಯ ಬೀಳುವುದಿಲ್ಲ ಎಂದು ಪರಿಶೀಲಿಸಿ ದೃಢೀಕರಿಸಲಾಗಿದೆ" ಎಂದು ಬರೆದುಕೊಡಿ. ಅದನ್ನು ಜೋಪಾನವಾಗಿ ಎತ್ತಿಡುತ್ತೇನೆ. ಮಗಳು ದೊಡ್ಡವಳಾಗಿ, ಅಮ್ಮಾ ನನಗಿಲ್ಲಿ ಏನೂ ಕೆಲಸ ಇಲ್ಲವಾ ಎಂದು ಕೇಳಿದ ದಿನ ಅವಳ ಕೈಗೆ ಕೊಡುತ್ತೇನೆ. ಸಹಿ ಯಾರದ್ದೆಂದು ಅವಳೇ ಓದಿಕೊಳ್ಳಲಿ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಯಾವ ತೊಂದರೆಯೂ ಇಲ್ಲದ,
ಅನಿತಾ ಲಕ್ಷ್ಮೀಶ
ನರಸಿಂಹರಾಜಪುರ, ನವೆಂಬರ್ 2008